ಉಪ್ಪುಗಾಳಿಯ ಊರಲ್ಲಿ ರ‍್ಯಾಕ್ ಕೂರಿಸುವುದು

(ಕಾರವಾರದಲ್ಲಿ ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳು, ಕೇಬಲ್ ಮತ್ತು ಇಂಟರ್ನೆಟ್ ಕೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ರ‍್ಯಾಕ್ ಇಲ್ಲದ ಜಾಗ ಹುಡುಕುವುದೇ ಈಗ ಕಷ್ಟ. ರ‍್ಯಾಕ್ ಅಂದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸುವ ಲೋಹದ ಕಪಾಟು. ಕೊಂಕಣ ರೈಲ್ವೆಯ ನಿಲ್ದಾಣಗಳಲ್ಲಿ ಸಿಗ್ನಲ್ ಕೋಣೆಗಳಿವೆ. ಟೆಲಿಫೋನ್ ಎಕ್ಸ್‌ಚೇಂಜ್ ಇದೆ, ಬ್ಯಾಂಕಿನ ಸರ್ವರ್ ಕೋಣೆ ಇದೆ, ಕೇಬಲ್ ಟಿವಿಯ ಕಂಟ್ರೋಲ್ ರೂಮ್ ಇದೆ. ಕಾಳಿ ನದಿಯ ಮೇಲೆ ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳಿವೆ. ಕದ್ರಾ ಹಿನ್ನೀರಿನ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. 2018ರ ಕೊನೆಯಲ್ಲಿ ಕೈಗಾದ ಒಂದನೇ ಘಟಕ 962 ದಿನ ಎಡೆಬಿಡದೆ ಓಡಿ ಜಾಗತಿಕ ದಾಖಲೆ ಮಾಡಿತು. ಅಂಥ ಓಟ ಸುಮ್ನೆ ಆಗುವುದಿಲ್ಲ. ಸಾಲು ಸಾಲು ಪ್ಯಾನೆಲ್‌ಗಳನ್ನು ದಿನಾ ಯಾರೋ ನೋಡಿಕೊಳ್ಳುತ್ತಿರಬೇಕು. ಇಲ್ಲಿ ಕುಳಿತ ಮಕ್ಕಳಲ್ಲಿ ಕೆಲವರಾದರೂ ನಾಳೆ ಆ ಕೆಲಸಕ್ಕೆ ಹೋಗುವವರು.

ಇವತ್ತು ನಾನು ಹೇಳುವುದು ಮುಖ್ಯವಾಗಿ ಒಂದೇ ವಿಷಯ. ಈ ಪೆಟ್ಟಿಗೆಗಳ ಮ್ಯಾನುವಲ್ ಬರೆದವರು ಒಣ ಹವೆಯ ಊರಿನವರು. ಅವರ ಪುಸ್ತಕದ ತುಂಬ ಬಿಸಿಯ ಚಿಂತೆ. ತೇವದ ಬಗ್ಗೆ ಒಂದು ಸಾಲು ಇರುತ್ತದೆ: ಗಾಳಿಯ ತೇವ ಶೇಕಡಾ 10ರಿಂದ 90, ಆದರೆ ನೀರು ಹನಿಗಟ್ಟಬಾರದು. ಸಣ್ಣ ಅಕ್ಷರದ ಆ ಒಂದು ಸಾಲಿನಲ್ಲೇ ನಮ್ಮ ಊರಿನ ಅರ್ಧ ತೊಂದರೆ ಅಡಗಿದೆ. ಆ ಸಾಲನ್ನು ಇಲ್ಲಿ ಹೇಗೆ ಪಾಲಿಸಬೇಕು ಅಂತ ಮ್ಯಾನುವಲ್ ಹೇಳುವುದಿಲ್ಲ. ನಾವೇ ಕಂಡುಕೊಳ್ಳಬೇಕು.

ಮೊದಲು ಪೆಟ್ಟಿಗೆಯ ಪರಿಚಯ ಬೇಗ ಮುಗಿಸುತ್ತೇನೆ. ಚಾಸಿ ಅಂದರೆ ಲೋಹದ ಚೌಕಟ್ಟು. ಅದರ ಹಿಂಬದಿಯಲ್ಲಿ ಒಂದು ದೊಡ್ಡ ಬೋರ್ಡ್, ಅದೇ ಬ್ಯಾಕ್‌ಪ್ಲೇನ್. ಮುಂದಿನಿಂದ ಕಾರ್ಡುಗಳನ್ನು, ಅಂದರೆ ಬೇರೆ ಬೇರೆ ಕೆಲಸದ ಸರ್ಕ್ಯೂಟ್ ಬೋರ್ಡುಗಳನ್ನು, ಹಳಿಯ ಮೇಲೆ ಜಾರಿಸಿ ಅದಕ್ಕೆ ಚುಚ್ಚುತ್ತೇವೆ. ಪವರ್ ಸಪ್ಲೈ ಒಂದು ಕಡೆ, ಫ್ಯಾನ್ ಟ್ರೇ ಕೆಳಗೋ ಹಿಂದೋ. ಒಂದು ಕಾರ್ಡ್ ಕೆಟ್ಟರೆ ಅದನ್ನಷ್ಟೇ ಕಿತ್ತು ಬೇರೆಯದು ಹಾಕಬಹುದು. ಬ್ಯಾಕ್‌ಪ್ಲೇನ್ ಕೆಟ್ಟರೆ ಮಾತ್ರ ಇಡೀ ಪೆಟ್ಟಿಗೆ ಹೋದಂತೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಳತೆಗಳು ಹಳೆಯವು. 19 ಇಂಚಿನ ರ‍್ಯಾಕ್ ಅಮೆರಿಕದ ಟೆಲಿಫೋನ್ ಕಂಪನಿಗಳ ಕಾಲದ್ದು, ಅದಕ್ಕೆ ನೂರು ವರ್ಷ ಆಯಿತು. ಮುಂದಿನ ಫಲಕದ ಅಗಲ 482.6 ಮಿ.ಮೀ. ಎತ್ತರ ಲೆಕ್ಕ ಹಾಕುವುದು ಯು ಅನ್ನುವ ಅಳತೆಯಲ್ಲಿ. 1ಯು ಅಂದರೆ 44.45 ಮಿ.ಮೀ., ಅಂದರೆ ಒಂದೂಮುಕ್ಕಾಲು ಇಂಚು. ಕಾರ್ಡುಗಳಿಗೆ ಯೂರೋಕಾರ್ಡ್ ಅಳತೆ: 3ಯು ಚಾಸಿಯ ಕಾರ್ಡ್ 100 ಮಿ.ಮೀ. ಎತ್ತರ, ಸಾಮಾನ್ಯವಾಗಿ 160 ಮಿ.ಮೀ. ಆಳ. ಅಳತೆ ಒಂದೇ ಆದ ಕೂಡಲೇ ಒಂದರ ಕಾರ್ಡ್ ಇನ್ನೊಂದಕ್ಕೆ ಆಗುತ್ತದೆ ಅಂತ ತಿಳಿಯಬೇಡಿ. ಚಾಸಿಗಳಲ್ಲಿ ಬೇರೆ ಬೇರೆ ಪದ್ಧತಿಗಳಿವೆ: ವಿಎಂಇ 1981ರದ್ದು, ಕಾಂಪ್ಯಾಕ್ಟ್ ಪಿಸಿಐ 1990ರ ದಶಕದ ನಡುವಿನದ್ದು, ಪಿಎಕ್ಸ್ಐ 1997ರದ್ದು. ಹಳಿ ಒಂದೇ ಥರ ಇರಬಹುದು, ಹಿಂದಿನ ಕನೆಕ್ಟರ್ ಬೇರೆ. ಕಾಂಪ್ಯಾಕ್ಟ್ ಪಿಸಿಐನಲ್ಲಿ ಕನೆಕ್ಟರಿನ ನಡುವೆ ಪುಟ್ಟ ಬಣ್ಣದ ಪ್ಲಾಸ್ಟಿಕ್ ತುಂಡು ಇರುತ್ತದೆ. ಹಳದಿ ಇದ್ದರೆ 3.3 ವೋಲ್ಟ್, ನೀಲಿ ಇದ್ದರೆ 5 ವೋಲ್ಟ್. ಕಾರ್ಡ್ ಕೂರುತ್ತಿಲ್ಲ ಅಂತ ಅದನ್ನು ಬ್ಲೇಡಿನಿಂದ ಕೆತ್ತಿ ತೆಗೆದ ಮಹಾನುಭಾವರನ್ನೂ ನೋಡಿದ್ದೇನೆ. ಕಾರ್ಡ್ ಕೂತಿತು. ಆಮೇಲೆ ಹೊಗೆ ಬಂತು.

ಈಗ ಅಸಲು ವಿಷಯಕ್ಕೆ ಬರೋಣ.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಏನಾಗುತ್ತದೆ? ಸಾಣಿಕಟ್ಟಾದ ಹರಳುಪ್ಪು ಇಟ್ಟವರಿಗೆ ಚೆನ್ನಾಗಿ ಗೊತ್ತು. ಜೂನ್ ಬರುವ ಹೊತ್ತಿಗೆ ಅಡಿಯಲ್ಲಿ ನೀರು ನಿಂತಿರುತ್ತದೆ. ನಿಮ್ಮ ಕಾರ್ಡಿನ ಮೇಲೆ ನಡೆಯುವುದೂ ಅದೇ. ಕಡಲ ಅಲೆ ಒಡೆದಾಗ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ನೀರು ಆರಿ ಉಪ್ಪು ಉಳಿಯುತ್ತದೆ. ಆ ಉಪ್ಪು ಕಿಟಕಿಯಿಂದ, ಬಾಗಿಲಿನಿಂದ, ಫ್ಯಾನಿನ ಎಳೆತಕ್ಕೆ ಸಿಕ್ಕಿ ಚಾಸಿಯ ಒಳಗೆ ಬಂದು ಕೂರುತ್ತದೆ. ಒಣಗಿದ್ದಾಗ ಅದರಿಂದ ಏನೂ ತೊಂದರೆ ಇಲ್ಲ. ಆದರೆ ಗಾಳಿಯ ತೇವ ಶೇಕಡಾ 75 ದಾಟಿದರೆ ಶುದ್ಧ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆ ಆಗುತ್ತದೆ. ಕರಗಿದ ಉಪ್ಪು ಕರೆಂಟು ಹರಿಸುತ್ತದೆ. ಎರಡು ಪಿನ್‌ಗಳ ನಡುವೆ ಹಾಗೆ ಒಂದು ದಾರಿ ಆದರೆ ಮೊದಲು ಸಿಗ್ನಲ್ ಹಾಳಾಗುತ್ತದೆ, ಆಮೇಲೆ ತಾಮ್ರ ಹಸಿರಾಗುತ್ತದೆ, ಕೊನೆಗೆ ಟ್ರ್ಯಾಕ್, ಅಂದರೆ ಬೋರ್ಡಿನ ಮೇಲಿನ ತಾಮ್ರದ ಗೆರೆ, ತುಂಡಾಗುತ್ತದೆ. ಜೂನ್, ಜುಲೈನಲ್ಲಿ ಕಾರವಾರದ ಹೊರಗಾಳಿ ಶೇಕಡಾ 75ರ ಕೆಳಗೆ ಇಳಿಯುವುದು ಅಪರೂಪ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ಇದು, ಅದರಲ್ಲಿ ಹೆಚ್ಚಿನದು ಮಳೆಗಾಲದ ನಾಲ್ಕು ತಿಂಗಳಲ್ಲೇ.

ಹಾಗಾದರೆ ಏಸಿ ಹಾಕಿದರೆ ಆಯಿತಲ್ಲ ಅನ್ನಬಹುದು. ಆಗುತ್ತದೆ, ಅದನ್ನು ನಿಲ್ಲಿಸದೆ ಓಡಿಸಿದರೆ ಮಾತ್ರ. ಕರಾವಳಿಯ ಒಂದು ಕಚೇರಿಯಲ್ಲಿ ಪ್ರತಿ ಮಳೆಗಾಲ ಒಂದೆರಡು ಕಾರ್ಡ್ ಸಾಯುತ್ತಿದ್ದವು. ಎಲ್ಲರೂ ಕಾರ್ಡಿನ ಕಂಪನಿಯನ್ನು ಬೈಯುತ್ತಿದ್ದರು. ಅಲ್ಲಿ ನಡೆಯುತ್ತಿದ್ದದ್ದು ಇಷ್ಟೇ. ಹಗಲಿಡೀ ಏಸಿ 22 ಡಿಗ್ರಿಯಲ್ಲಿ. ಸಂಜೆ ಮನೆಗೆ ಹೋಗುವಾಗ ಕರೆಂಟ್ ಉಳಿತಾಯ ಅಂತ ಏಸಿಯೂ ಬಂದ್, ರ‍್ಯಾಕೂ ಬಂದ್. ಆಮೇಲೆ ಕಾವಲಿನವರು ಬಾಗಿಲು ತೆರೆದು ಕಸ ಗುಡಿಸಿ, ನೆಲ ಒರೆಸಿ, ಸ್ವಲ್ಪ ಗಾಳಿ ಆಡಲಿ ಅಂತ ಕಿಟಕಿ ತೆರೆದಿಡುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಲೆಕ್ಕ ನೋಡಿ. ಹೊರಗೆ 28 ಡಿಗ್ರಿ, ತೇವ ಶೇಕಡಾ 85 ಅಂದುಕೊಳ್ಳಿ. ಆ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಏನನ್ನೇ ಮುಟ್ಟಿದರೂ ಅದರ ಮೇಲೆ ಹನಿ ಕಟ್ಟುತ್ತದೆ. ಚಾಸಿಯ ಲೋಹ ಇನ್ನೂ 22 ಡಿಗ್ರಿಯಲ್ಲಿದೆ. ತಣ್ಣನೆಯ ನೀರಿನ ಬಾಟಲಿಯ ಹೊರಮೈ ಒದ್ದೆ ಆದಂತೆ ಕಾರ್ಡ್ ಒದ್ದೆ ಆಗುತ್ತದೆ, ಒಳಗೆ ಕೂತ ಉಪ್ಪಿನ ಸಮೇತ. ಬೆಳಗ್ಗೆ ಬಂದು ಸ್ವಿಚ್ ಒತ್ತುತ್ತಾರೆ. ಒದ್ದೆ ಕಾರ್ಡಿಗೆ ಕರೆಂಟು ಹೋಗುತ್ತದೆ.

ಅದೇ ಚಾಸಿಯನ್ನು ಆಫ್ ಮಾಡದೆ ಬಿಟ್ಟಿದ್ದರೆ? ಒಳಗಿನ ಬಿಸಿಗೆ ಅದರೊಳಗಿನ ಗಾಳಿ 28ರಿಂದ 36 ಡಿಗ್ರಿಗೆ ಏರಿತು ಅನ್ನಿ. ಗಾಳಿಯಲ್ಲಿರುವ ನೀರು ಅಷ್ಟೇ, ಆದರೆ ಶೇಕಡಾ 85 ಇದ್ದ ತೇವ 54ಕ್ಕೆ ಇಳಿಯುತ್ತದೆ. ಶುದ್ಧ ಉಪ್ಪು ಕರಗುವ ಮಟ್ಟದಿಂದ ಸಾಕಷ್ಟು ಕೆಳಗೆ. ಎಂಟು ಡಿಗ್ರಿಯ ಬಿಸಿ ಮಾಡುವ ಕೆಲಸ ಅದು. ಹಾಗಾಗಿ ನನ್ನ ಮಾತು ಇಷ್ಟು: ಮಳೆಗಾಲದಲ್ಲಿ ರ‍್ಯಾಕ್ ಆಫ್ ಮಾಡಬೇಡಿ. ಏಸಿ ಕೆಟ್ಟರೂ ಕೂಡಲೇ ಆಫ್ ಮಾಡಬೇಡಿ, ಒಳಗಿನ ತಾಪ ಮಿತಿ ದಾಟದಂತೆ ನೋಡಿಕೊಂಡು ಓಡಲು ಬಿಡಿ. ಆಫ್ ಮಾಡಲೇಬೇಕು ಅಂದರೆ ರ‍್ಯಾಕಿನ ತಳದಲ್ಲಿ ಒಂದು ಸಣ್ಣ ಹೀಟರ್ ಇಡಿ. ದೊಡ್ಡ ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಲ್ಲಿ ಸ್ಪೇಸ್ ಹೀಟರ್ ಅಂತ ಇರುತ್ತದೆ, ನೋಡಿರಬಹುದು. ಅದು ಅಲ್ಲಿರುವುದು ಇದಕ್ಕೇ. ಎಲೆಕ್ಟ್ರಿಕಲ್ ಕಡೆಯವರು ಇದನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಎಲೆಕ್ಟ್ರಾನಿಕ್ಸ್‌ನವರಿಗೆ ಮಾತ್ರ ಯಾಕೋ ಬಿಸಿ ಅಂದರೆ ಸಾಕು, ಬೆಚ್ಚಿ ಬೀಳುತ್ತಾರೆ.

ಬಿಸಿಗೂ ಒಂದು ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಗುತ್ತದೆ. ಆದರೆ ಪವರ್ ಸಪ್ಲೈ ಬದಲಿಸಬಹುದಾದ ಭಾಗ. ಹಸಿರುಗಟ್ಟಿದ ಬ್ಯಾಕ್‌ಪ್ಲೇನಿಗೆ ಮದ್ದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಬಿಸಿಯನ್ನೇ ಆರಿಸುತ್ತೇನೆ.

ನಿಮ್ಮ ಕೋಣೆಯ ಗಾಳಿ ಎಷ್ಟು ಕೆಟ್ಟದ್ದು ಅಂತ ತಿಳಿಯಲು ಒಂದು ದಾರಿ ಇದೆ. ಐಎಸ್ಎ 71.04 ಅನ್ನುವ ಮಾನದಂಡದಲ್ಲಿ ಶುದ್ಧ ತಾಮ್ರದ ಪಟ್ಟಿಯನ್ನು ತಿಂಗಳು ಕಾಲ ಕೋಣೆಯಲ್ಲಿಟ್ಟು, ಅದರ ಮೇಲೆ ಕಟ್ಟಿದ ಪದರವನ್ನು ಅಳೆಯುತ್ತಾರೆ. 300 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಇದ್ದರೆ ಕೋಣೆ ಒಳ್ಳೆಯದು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಅದನ್ನು ಅಳೆಯಲು ಲ್ಯಾಬ್ ಬೇಕು. ನಮಗೆ ಅಷ್ಟೆಲ್ಲ ಬೇಡ. ಎರಡು ತಾಮ್ರದ ಪಟ್ಟಿ ತೆಗೆದುಕೊಳ್ಳಿ, ಉಜ್ಜಿ ಹೊಳಪು ಬರಿಸಿ, ಸ್ಪಿರಿಟ್‌ನಲ್ಲಿ ಒರೆಸಿ. ಒಂದನ್ನು ರ‍್ಯಾಕ್ ಒಳಗೆ ತೂಗುಹಾಕಿ, ಇನ್ನೊಂದನ್ನು ಹೊರಗೆ ಮಳೆ ತಾಗದ ಜಗಲಿಯಲ್ಲಿ. ತಿಂಗಳ ನಂತರ ಎರಡನ್ನೂ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಥರ ಕಪ್ಪಾಗಿದ್ದರೆ ನಿಮ್ಮ ಕೋಣೆಗೂ ಜಗಲಿಗೂ ಏನೂ ಫರಕಿಲ್ಲ ಅಂತ ಅರ್ಥ. ಮೇಲಧಿಕಾರಿಗಳಿಗೆ ಪತ್ರ ಬರೆಯುವಾಗ ಆ ಪಟ್ಟಿಗಳನ್ನೂ ಜೊತೆಗೆ ಇಡಿ. ಪತ್ರಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕೋಣೆಯ ವಿಷಯದಲ್ಲಿ ಇನ್ನೆರಡು ಮಾತು. ಏಸಿಯ ಒಳಗಿನ ಘಟಕವನ್ನು ರ‍್ಯಾಕಿನ ತಲೆಯ ಮೇಲೆ ಹಾಕಿಸಬೇಡಿ. ತಂಪು ನೇರ ಬೀಳಲಿ ಅಂತ ಹಾಕಿಸುತ್ತಾರೆ. ಒಂದು ದಿನ ಅದರ ನೀರಿನ ಪೈಪು ಕಟ್ಟಿಕೊಂಡು ನೀರೂ ನೇರವಾಗಿಯೇ ಬೀಳುತ್ತದೆ. ಹೊರಗಿನಿಂದ ಬರುವ ಪ್ರತಿ ಕೇಬಲ್ ಗೋಡೆ ಹೊಗುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೆ ಬರಬೇಕು, ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಕೇಬಲ್ ಬರುವ ತೂತನ್ನು ಮುಚ್ಚಿ. ಹಲ್ಲಿ ಬರುವುದು ಅಲ್ಲಿಂದಲೇ. ಪವರ್ ಸಪ್ಲೈಯ ಬೆಚ್ಚನೆ ಅದಕ್ಕೆ ಬಹಳ ಇಷ್ಟ. ಎರಡು ಟರ್ಮಿನಲ್ ನಡುವೆ ಹಲ್ಲಿ ಸತ್ತರೆ ಫ್ಯೂಸೂ ಸಾಯುತ್ತದೆ. ಬಳಸದ ಪೋರ್ಟುಗಳಲ್ಲಿ, ಗಾಳಿಯ ತೂತುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಪೋರ್ಟಿಗೆ ಒಂದು ರಬ್ಬರ್ ಮುಚ್ಚಳ ಹಾಕಿದರೆ ಅಲ್ಲಿ ಆ ರಗಳೆ ಇಲ್ಲ.

ನೆರೆಯ ವಿಷಯ ಬಿಡುವ ಹಾಗಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ದಂಡೆಯವರು ನೋಡಿದ್ದೀರಲ್ಲ. ರ‍್ಯಾಕ್ ಜೋಡಿಸುವಾಗ ಭಾರದ್ದು ಕೆಳಗೆ ಇರಬೇಕು ಅನ್ನುವುದು ನಿಯಮ. ಬ್ಯಾಟರಿ, ಯುಪಿಎಸ್ ಎಲ್ಲ ಕೆಳಗೆ. ನೀರು ಬರುವುದೂ ಮೊದಲು ಕೆಳಗೇ. ಭಾರವನ್ನು ಮೇಲೆ ಇಟ್ಟರೆ ರ‍್ಯಾಕ್ ಮಗುಚುತ್ತದೆ, ಅದು ಬೇಡ. ಇಡೀ ರ‍್ಯಾಕನ್ನೇ ಕಾಂಕ್ರೀಟಿನ ಎತ್ತರದ ಕಟ್ಟೆಯ ಮೇಲೆ ಕೂರಿಸಿ ಬೋಲ್ಟ್ ಹಾಕಿ. ನದಿ ದಂಡೆಯ ಕಟ್ಟಡದಲ್ಲಿ ನೆಲಮಹಡಿ ಬಿಟ್ಟು ಮೇಲಿನ ಮಹಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಕೂರಿಸುವ ಕೆಲಸ ಕೈ ಅಭ್ಯಾಸದಿಂದ ಬರುತ್ತದೆ, ಅದನ್ನು ಜಾಸ್ತಿ ಎಳೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ರ‍್ಯಾಕಿನ ಕಂಬದಲ್ಲಿ ತೂತುಗಳು ಸಮ ದೂರದಲ್ಲಿಲ್ಲ. ಪ್ರತಿ ಯು ಒಳಗೆ ಮೂರು ತೂತು. ಅವುಗಳ ನಡುವಿನ ದೂರ 15.875, 15.875, ಆಮೇಲೆ 12.7 ಮಿ.ಮೀ. ಆ 12.7ರ ಸಣ್ಣ ಅಂತರದ ನಡುಮಧ್ಯದಲ್ಲಿ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಅದನ್ನು ನೋಡದೆ ಒಂದು ತೂತು ಮೇಲೆ ಕೇಜ್ ನಟ್ (ಕಂಬದ ತೂತಿಗೆ ಸಿಕ್ಕಿಸುವ ನಟ್) ಹಾಕಿದರೆ ಸ್ಕ್ರೂ ಕೂರುವುದಿಲ್ಲ, ಕೂತರೂ ಮೇಲಿನ ಪೆಟ್ಟಿಗೆಗೆ ಜಾಗ ಸಾಲುವುದಿಲ್ಲ. ಎಲ್ಲ ನಟ್ ಹಾಕಿ ಮುಗಿದ ಮೇಲೆ ಗೊತ್ತಾಗುತ್ತದೆ, ಬೆರಳಿನ ಚರ್ಮ ಎದ್ದ ಮೇಲೆ. ಚಾಸಿಯ ಮುಂದಿನ ಎರಡು ಕಿವಿಗಳು ಅದನ್ನು ಹಿಡಿದಿಡಲು, ಭಾರ ಹೊರಲು ಅಲ್ಲ. ಆಳದ, ತೂಕದ ಚಾಸಿಗೆ ಕೆಳಗಿನಿಂದ ಆಧಾರದ ಹಳಿ ಅಥವಾ ತಟ್ಟೆ ಬೇಕೇ ಬೇಕು. ಕಾರ್ಡುಗಳನ್ನೆಲ್ಲ ತೆಗೆದು ಖಾಲಿ ಚಾಸಿಯನ್ನು ಎತ್ತಿ ಕೂರಿಸಿ, ಇಬ್ಬರು ಹಿಡಿಯಿರಿ. ಹಿಂದೆ ಗಾಳಿ ಹೋಗಲು ಮ್ಯಾನುವಲ್ ಹೇಳಿದಷ್ಟು ಜಾಗ ಬಿಡಿ. ಇದರಲ್ಲಿ ಮ್ಯಾನುವಲ್ ಮಾತು ಕೇಳಬಹುದು.

ಅರ್ಥಿಂಗ್ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಕರೆಂಟು ಚೆನ್ನಾಗಿ ಹರಿಸುತ್ತದೆ. ಏಪ್ರಿಲ್, ಮೇ ಬಂದರೆ ಒಣಗಿ ಗಟ್ಟಿ ಕಲ್ಲು. ಆಗ ಅದೇ ಅರ್ಥಿಂಗ್ ಗುಂಡಿಯ ರೋಧ ಹಲವು ಪಟ್ಟು ಏರುತ್ತದೆ. ಇದರಲ್ಲಿ ಒಂದು ಕೆಟ್ಟ ಕಾಕತಾಳೀಯ ಇದೆ. ನಮ್ಮಲ್ಲಿ ಗುಡುಗು, ಸಿಡಿಲು ಜಾಸ್ತಿ ಇರುವುದು ಮಳೆಗಾಲದ ನಡುವೆ ಅಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಅಂದರೆ ಅರ್ಥಿಂಗ್ ತೀರಾ ಬೇಕಾದ ಹೊತ್ತಿಗೇ ಅದು ತೀರಾ ಸೊರಗಿರುತ್ತದೆ. ಹಾಗಾಗಿ ಅರ್ಥ್ ಟೆಸ್ಟರ್ ಹಿಡಿದು ಅಳೆಯುವುದಾದರೆ ಮೇ ತಿಂಗಳಲ್ಲಿ ಅಳೆಯಿರಿ. ಜುಲೈನಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರೆದ ಅಂಕಿ ಎಲ್ಲರಿಗೂ ಖುಷಿ ಕೊಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ಹಳೆಯ ಪದ್ಧತಿಯ ಗುಂಡಿಗೆ ಉಪ್ಪು, ಇದ್ದಿಲು ತುಂಬುತ್ತಾರೆ. ಇಲ್ಲಿಯ ಮಳೆಗೆ ಆ ಉಪ್ಪು ತೊಳೆದು ಹೋಗುತ್ತದೆ, ಇರುವಷ್ಟು ದಿನ ಜಿಐ ಪೈಪನ್ನೂ ತಿನ್ನುತ್ತದೆ. ಉಪ್ಪಿನ ಬದಲು ಬೆಂಟೊನೈಟ್ ಮಣ್ಣು ತುಂಬಿದ ಗುಂಡಿ ಇಲ್ಲಿಗೆ ಹೆಚ್ಚು ಬಾಳಿಕೆ ಬರುತ್ತದೆ.

ಇನ್ನೊಂದು ಗೀಳು ಇದೆ. ಎಲೆಕ್ಟ್ರಾನಿಕ್ಸಿಗೆ ಬೇರೆ ಅರ್ಥಿಂಗ್, ಕಟ್ಟಡಕ್ಕೆ ಬೇರೆ ಅರ್ಥಿಂಗ್, ಎರಡೂ ಒಂದಕ್ಕೊಂದು ತಾಗಬಾರದು ಅಂತ ಹಟ ಹಿಡಿಯುವುದು. ಗುಂಡಿ ಎರಡಿರಲಿ, ತೊಂದರೆ ಇಲ್ಲ. ಆದರೆ ನೆಲದೊಳಗೋ ಬಸ್‌ಬಾರಿನಲ್ಲೋ ಎರಡನ್ನೂ ಸೇರಿಸಲೇಬೇಕು. ಸೇರಿಸದಿದ್ದರೆ ಹತ್ತಿರ ಸಿಡಿಲು ಬಿದ್ದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ಫರಕು ಬರುತ್ತದೆ. ಆ ಫರಕು ತೀರಿಸಿಕೊಳ್ಳುವ ದಾರಿ ನಿಮ್ಮ ಕಾರ್ಡ್. ರ‍್ಯಾಕಿಗೆ ಬಣ್ಣ ಬಳಿದಿರುತ್ತಾರೆ, ಬಣ್ಣ ಕರೆಂಟು ಬಿಡುವುದಿಲ್ಲ. ಹಾಗಾಗಿ ಅರ್ಥ್ ತಂತಿಯ ಬೋಲ್ಟಿಗೆ ಹಲ್ಲಿನ ವಾಷರ್ ಹಾಕಿ, ಅದು ಬಣ್ಣ ಕೆರೆದು ಲೋಹಕ್ಕೆ ಕಚ್ಚಲಿ. ಕೆರೆದ ಜಾಗಕ್ಕೆ ಆಮೇಲೆ ಸ್ವಲ್ಪ ಗ್ರೀಸ್ ಹಚ್ಚಿ, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ತುಕ್ಕು. ಎರಡು ಕಟ್ಟಡದ ನಡುವೆ ತಾಮ್ರದ ನೆಟ್‌ವರ್ಕ್ ತಂತಿ ಎಳೆಯಬೇಡಿ, ಫೈಬರ್ ಹಾಕಿ. ಫೈಬರಿನೊಳಗೆ ಉಕ್ಕಿನ ಕವಚ ಇದ್ದರೆ ಅದನ್ನು ಒಳಬರುವ ಕಡೆ ಅರ್ಥ್ ಮಾಡಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ. ಅವರಿಗೆ ಸಿಡಿಲಿನದ್ದೇ ಚಿಂತೆ. ಅವರು ಈ ಭಾಗವನ್ನು ಎರಡು ಸಲ ಕೇಳಿಸಿಕೊಳ್ಳಲಿ.

ಈಗ ಕಾರ್ಡ್ ಹಾಕುವುದು. ಕೈಗೆ ಮೊದಲು ಬೇಕಾದದ್ದು ಸ್ಕ್ರೂ ಡ್ರೈವರ್ ಅಲ್ಲ, ಟಾರ್ಚ್. ಖಾಲಿ ಸ್ಲಾಟಿನೊಳಗೆ ಬೆಳಕು ಬಿಟ್ಟು ಬ್ಯಾಕ್‌ಪ್ಲೇನಿನ ಪಿನ್‌ಗಳನ್ನು ನೋಡಿ. ಕಾಂಪ್ಯಾಕ್ಟ್ ಪಿಸಿಐ, ಪಿಎಕ್ಸ್ಐ ಎರಡರಲ್ಲೂ ಸಣ್ಣ ಸೂಜಿಯಂಥ ಪಿನ್‌ಗಳು ಬ್ಯಾಕ್‌ಪ್ಲೇನಿನ ಮೇಲೆ ಇರುತ್ತವೆ, ತೂತುಗಳು ಕಾರ್ಡಿನಲ್ಲಿ. ಒಂದು ಪಿನ್ ಬಾಗಿದ್ದರೂ ಕಾರ್ಡನ್ನು ಒತ್ತಬೇಡಿ. ಬಾಗಿದ ಪಿನ್ ಪಕ್ಕದ್ದನ್ನು ಮುಟ್ಟಿ ವಿದ್ಯುತ್ ಹಾದರೆ ಕಾರ್ಡೂ ಬ್ಯಾಕ್‌ಪ್ಲೇನೂ ಒಟ್ಟಿಗೆ ಹೋಗುತ್ತವೆ. ಕಾರ್ಡನ್ನು ಮೇಲಿನ, ಕೆಳಗಿನ ಹಳಿ ಎರಡಕ್ಕೂ ಸರಿಯಾಗಿ ಸೇರಿಸಿ, ಮೆಲ್ಲಗೆ ಜಾರಿಸಿ. ಹಿಡಿಕೆ ಚೌಕಟ್ಟಿಗೆ ತಾಗಿದ ಮೇಲೆ ಹಿಡಿಕೆಯಿಂದಲೇ ಒಳಗೆ ಒತ್ತಿ. ಅಂಗೈಯಿಂದ ಗುದ್ದಬೇಡಿ. ಮುಂದಿನ ಸ್ಕ್ರೂಗಳನ್ನು ಬಿಗಿ ಮಾಡಿ. ಅವು ಕಾರ್ಡನ್ನು ಹಿಡಿಯುವುದಷ್ಟೇ ಅಲ್ಲ, ಮುಂದಿನ ಫಲಕವನ್ನು ಚೌಕಟ್ಟಿನ ಅರ್ಥಿಗೂ ಸೇರಿಸುತ್ತವೆ.

ಓಡುತ್ತಿರುವಾಗಲೇ ಕಾರ್ಡ್ ತೆಗೆಯಬಹುದಾ? ಚಾಸಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಪಿಎಕ್ಸ್ಐನಲ್ಲಿ ಆಗುವುದಿಲ್ಲ, ಆಫ್ ಮಾಡಲೇಬೇಕು. ಹಳೆಯ ವಿಎಂಇನಲ್ಲೂ ಆಗುವುದಿಲ್ಲ. ಹಾಟ್ ಸ್ವಾಪ್ ಸೌಲಭ್ಯ ಇರುವ ಚಾಸಿಯಲ್ಲಿ ಹಿಡಿಕೆ ಸ್ವಲ್ಪ ಬಿಚ್ಚಿದ ಮೇಲೆ ಕಾಯಬೇಕು. ಕಾರ್ಡಿನ ಮೇಲೆ ನೀಲಿ ದೀಪ ಹತ್ತುತ್ತದೆ, ಆಗ ಎಳೆಯಬಹುದು. ಹಳೆಯ ವಿಎಂಇ ಬ್ಯಾಕ್‌ಪ್ಲೇನಿನಲ್ಲಿ ಇನ್ನೊಂದು ಗಮ್ಮತ್ತಿದೆ. ನಡುವಿನ ಒಂದು ಕಾರ್ಡ್ ತೆಗೆದು ಸ್ಲಾಟ್ ಖಾಲಿ ಬಿಟ್ಟರೆ ಆಚೆಯ ಕಾರ್ಡುಗಳೂ ಕೆಲಸ ನಿಲ್ಲಿಸಬಹುದು. ಕೆಲವು ಸಿಗ್ನಲ್‌ಗಳು ಸ್ಲಾಟಿನಿಂದ ಸ್ಲಾಟಿಗೆ ಕಾರ್ಡಿನ ಮೂಲಕವೇ ದಾಟುತ್ತವೆ. ಖಾಲಿ ಸ್ಲಾಟಿಗೆ ಜಂಪರ್ (ಎರಡು ಪಿನ್ ಸೇರಿಸುವ ಸಣ್ಣ ತುಂಡು) ಹಾಕಬೇಕು. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಕಾರ್ಡುಗಳನ್ನೆಲ್ಲ ರಿಪೇರಿಗೆ ಬೆಂಗಳೂರಿಗೆ ಕಳಿಸಿದವರಿದ್ದಾರೆ.

ನಮ್ಮೂರಲ್ಲಿ ಗಾಳಿ ಒದ್ದೆ, ಇಲ್ಲಿ ಸ್ಟ್ಯಾಟಿಕ್ ಎಲ್ಲಿಂದ ಬರುತ್ತದೆ ಅಂತ, ಅದನ್ನು ಮೈಯಿಂದ ಅರ್ಥಿಗೆ ಇಳಿಸುವ ಮಣಿಕಟ್ಟಿನ ಪಟ್ಟಿ ಹಾಕದವರು ಬಹಳ ಜನ. ಏಸಿ ಕೋಣೆಯೊಳಗೆ ಗಾಳಿ ಒಣಗಿರುತ್ತದೆ, ಅಲ್ವಾ? ನಿಮ್ಮ ಬೆರಳಿಗೆ ಚುರ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ ಸಾಯಲು ಕೆಲವೊಮ್ಮೆ 100 ವೋಲ್ಟ್ ಸಾಕು. ನಿಮಗೆ ಗೊತ್ತೇ ಆಗುವುದಿಲ್ಲ. ಪಟ್ಟಿಯೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅದು ನಿಮ್ಮ ಪ್ರಾಣಕ್ಕಾಗಿ. ಪಟ್ಟಿ ಕಳೆದಿದೆ ಅಂತ ಬರೀ ತಂತಿ ಸುತ್ತಿಕೊಳ್ಳಬೇಡಿ.

ಖಾಲಿ ಸ್ಲಾಟಿಗೆ ಮುಚ್ಚುವ ಫಲಕ ಹಾಕಿ. ನಮ್ಮಲ್ಲಿ ಅದನ್ನು ಅಲಂಕಾರ ಅಂತ ತಿಳಿದು ಬಿಡುತ್ತಾರೆ. ಮುಂದೆ ತೆರೆದಿದ್ದರೆ ಫ್ಯಾನಿನ ಗಾಳಿ ಸುಲಭದ ದಾರಿ ಹಿಡಿದು ಅಲ್ಲಿಂದಲೇ ಹೋಗುತ್ತದೆ, ಪಕ್ಕದ ಬಿಸಿ ಕಾರ್ಡಿಗೆ ಸಿಗುವುದಿಲ್ಲ. ಜೊತೆಗೆ ಫಿಲ್ಟರ್ ದಾಟದ ಉಪ್ಪುಗಾಳಿ ನೇರ ಒಳಗೆ.

ಫಿಲ್ಟರ್ ಅಂದಾಗ ನೆನಪಾಯಿತು. ಆರು ತಿಂಗಳಿಗೊಮ್ಮೆ ತೊಳೆಯಿರಿ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಹೆದ್ದಾರಿಯ ಬದಿಯಲ್ಲಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ. ಯಾವ ನೀರಿನಲ್ಲಿ ತೊಳೆಯುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಕಡಲ ಬದಿಯ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಫಿಲ್ಟರಿಗೆ ನೀವೇ ಉಪ್ಪು ಸವರಿದಂತೆ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮಳೆಗಾಲದಲ್ಲಿ ಒಣಗುವುದೇ ಇಲ್ಲವಲ್ಲ, ಅದಕ್ಕೆ ಎರಡು ಜೊತೆ ಇಟ್ಟುಕೊಳ್ಳಿ. ಒದ್ದೆ ಫಿಲ್ಟರ್ ಹಾಕುವುದಕ್ಕಿಂತ ಕೊಳೆ ಫಿಲ್ಟರೇ ವಾಸಿ.

ಕಾಂಟ್ಯಾಕ್ಟ್ ಸ್ವಚ್ಛ ಮಾಡಲು ಪೆನ್ಸಿಲ್ ರಬ್ಬರ್ ಉಜ್ಜುವ ಅಭ್ಯಾಸ ನಮ್ಮ ದೇಶದ ಪ್ರತಿ ರಿಪೇರಿ ಅಂಗಡಿಯಲ್ಲೂ ಇದೆ. ಬಿಡಿ ಅದನ್ನು. ಚಿನ್ನದ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ. ರಬ್ಬರಿನಲ್ಲಿ ಸಣ್ಣ ಮರಳಿನಂಥ ಪುಡಿ ಇರುತ್ತದೆ. ಉಜ್ಜಿದಾಗ ಹೊಳೆಯುತ್ತದೆ, ಕಾರ್ಡ್ ಕೆಲಸವನ್ನೂ ಮಾಡುತ್ತದೆ. ನಾಲ್ಕೈದು ಸಲ ಆದ ಮೇಲೆ ಚಿನ್ನ ಹೋಗಿ ಅಡಿಯ ಲೋಹ ಬಯಲಾಗುತ್ತದೆ. ಒಣ ಊರಲ್ಲಿ ಅದು ಹೇಗೋ ನಡೆದೀತು, ಇಲ್ಲಿ ಒಂದು ಮಳೆಗಾಲ ಸಾಕು. ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಮೆಲ್ಲಗೆ ಒಂದೇ ದಿಕ್ಕಿಗೆ ಒರೆಸುವುದು, ಅಷ್ಟೇ. ತುಕ್ಕು ಬಿಡಿಸುವ ಸ್ಪ್ರೇಯನ್ನು ಬ್ಯಾಕ್‌ಪ್ಲೇನಿಗೆ ಹೊಡೆಯಬೇಡಿ. ಅದರ ಎಣ್ಣೆ ಧೂಳನ್ನು ಹಿಡಿದಿಡುತ್ತದೆ.

ಬಿಡಿ ಕಾರ್ಡುಗಳನ್ನು ಸ್ಟ್ಯಾಟಿಕ್ ತಡೆಯುವ ಚೀಲದಲ್ಲಿ, ಸಿಲಿಕಾ ಜೆಲ್ ಜೊತೆ, ಬಾಯಿ ಮುಚ್ಚಿ ಇಡಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಏಸಿ ಕೋಣೆಯಿಂದ ತಂದ ಕಾರ್ಡನ್ನು ಹೊರಗಿನ ಗಾಳಿಯಲ್ಲಿ ಕೂಡಲೇ ಬಿಚ್ಚಬೇಡಿ. ಚೀಲದೊಳಗೇ ಒಂದೆರಡು ಗಂಟೆ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆಗೆಯಿರಿ. ಹನಿ ಕಟ್ಟುವುದಿದ್ದರೆ ಚೀಲದ ಹೊರಗೆ ಕಟ್ಟಲಿ.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ಹುಡುಗ ಕೇಳಿದ: "ಸರ್, ರಾತ್ರಿಯಿಡೀ ಓಡಿಸಿದರೆ ಕರೆಂಟ್ ಬಿಲ್ ಜಾಸ್ತಿ ಬರುವುದಿಲ್ವಾ?" ಬರುತ್ತದೆ ತಮಾ. 150 ವ್ಯಾಟಿನ ಚಾಸಿ ತಿಂಗಳಿಡೀ ಓಡಿದರೆ 108 ಯೂನಿಟ್. ಹಗಲು ಹೇಗೂ ಓಡುತ್ತದೆ, ಹಾಗಾಗಿ ರಾತ್ರಿಯ ಲೆಕ್ಕ ಅದರ ಅರ್ಧದ ಮೇಲೆ ಸ್ವಲ್ಪ. ನಾಲ್ಕು ತಿಂಗಳ ಆ ಯೂನಿಟ್‌ಗಳ ದುಡ್ಡನ್ನೂ ಒಂದು ಕಾರ್ಡಿನ ಬೆಲೆಯನ್ನೂ ಪಕ್ಕ ಪಕ್ಕ ಬರೆದು ನೋಡು. ಉಳಿತಾಯ ಮಾಡಲೇಬೇಕು ಅಂದರೆ ಬೇಸಿಗೆಯಲ್ಲಿ ಆಫ್ ಮಾಡು.

ಕುಮಟಾದಿಂದ ಬಂದಿದ್ದ ಒಬ್ಬರು ಅಕ್ಕ, ಕೇಬಲ್ ಕೇಂದ್ರ ನಡೆಸುವವರು, ನೆರೆನೀರು ಹೊಕ್ಕ ಪೆಟ್ಟಿಗೆಯನ್ನು ಉಳಿಸಬಹುದಾ ಅಂತ ಕೇಳಿದರು. ಕೆಲವು ಸಲ ಆಗುತ್ತದೆ ಅಕ್ಕಾ. ಮೊದಲನೆಯದು, ಕೆಲಸ ಮಾಡುತ್ತದಾ ಅಂತ ನೋಡಲು ಆನ್ ಮಾಡಬೇಡಿ. ಕರೆಂಟ್ ತಪ್ಪಿಸಿ, ಕಾರ್ಡಿನ ಮೇಲಿನ ಸಣ್ಣ ಬ್ಯಾಟರಿಯನ್ನೂ ತೆಗೆಯಿರಿ. ಅದು ಬರೀ 3 ವೋಲ್ಟ್, ಆದರೆ ಒದ್ದೆ ಕಾರ್ಡನ್ನು ಕೊರೆಯಲು ಅಷ್ಟು ಸಾಕು. ಉಪ್ಪು, ಕೆಸರು ಒಣಗುವ ಮೊದಲೇ ಸಿಹಿನೀರಿನಲ್ಲಿ ತೊಳೆದು, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಆಮೇಲೆ ಕೆಲವು ದಿನ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ. ಪವರ್ ಸಪ್ಲೈ ಮತ್ತು ಫ್ಯಾನ್ ಉಳಿಸುವ ಆಸೆ ಬಿಡಿ, ಹೊಸದು ಹಾಕಿ.

ಕೊನೆಗೆ ಒಬ್ಬ ಉಪನ್ಯಾಸಕರು ಕೇಳಿದ್ದು: ಕಾಲೇಜಿನ ಲ್ಯಾಬಿಗೆ ಹಳೆಯ ಚಾಸಿ ಕಡಿಮೆ ಬೆಲೆಗೆ ಸಿಗುತ್ತಿದೆ, ತರಬಹುದಾ? ತನ್ನಿ, ಮಕ್ಕಳು ಕೈ ಆಡಿಸಿ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಟಾರ್ಚ್ ತೆಗೆದುಕೊಂಡು ಹೋಗಿ. ಬ್ಯಾಕ್‌ಪ್ಲೇನಿನ ಪಿನ್ ಬುಡದಲ್ಲಿ ಹಸಿರು ಕಂಡರೆ ವಾಪಸ್ ಬನ್ನಿ. ಫ್ಯಾನನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ ಬೇರಿಂಗ್ ಹೋಗಿದೆ. ಅದು ಸಣ್ಣ ಖರ್ಚು. ಪವರ್ ಸಪ್ಲೈ ಈಗಲೂ ಸಿಗುವ ಮಾಡೆಲ್ ಹೌದಾ ಅಂತ ಮೊದಲೇ ವಿಚಾರಿಸಿ, ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮತ್ತೆ, ಖಾಲಿ ಸ್ಲಾಟ್ ಮುಚ್ಚುವ ಫಲಕಗಳನ್ನು ಕೇಳಿ ಜೊತೆಗೇ ತನ್ನಿ. ಆಮೇಲೆ ಬಿಡಿಯಾಗಿ ಕೊಳ್ಳಲು ಹೋದರೆ ಅವುಗಳ ಬೆಲೆ ಕೇಳಿ ಬೇಜಾರಾಗುತ್ತದೆ.